ನಟರೊಬ್ಬರು ಶಾಸಕರಾದ ಮೇಲೆ: ಕೊಟ್ಟ ಮಾತು, ಕೆಟ್ಟ ನಿದ್ದೆ

ಈ ಪ್ರಕರಣದಲ್ಲಿ ಕ್ಷೇತ್ರ, ಪಕ್ಷ ಮತ್ತು ಕುಟುಂಬದ ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ.

ಐವತ್ತು ದಾಟಿದ ಈ ನಟರು ಗಾಂಧಿನಗರದಲ್ಲಿ ಮೊದಲು ನಾಯಕರಾಗಿ, ಆಮೇಲೆ ಅಣ್ಣನ, ತಂದೆಯ ಪಾತ್ರಗಳಲ್ಲಿ ದುಡಿದು, ಮೊದಲ ಸ್ಪರ್ಧೆಯಲ್ಲಿಯೇ ವಿಧಾನಸಭೆಗೆ ಆಯ್ಕೆಯಾದವರು. ಮನೆ ಬೆಂಗಳೂರಿನಲ್ಲಿ, ಕ್ಷೇತ್ರ ಬೇರೆ ಜಿಲ್ಲೆಯಲ್ಲಿ. ಆಪ್ತ ಸಮಾಲೋಚಕಿಯಾದ ನನ್ನ ಬಳಿ ಮೊದಲು ಬಂದವರು ಅವರ ಪತ್ನಿ. ಗಂಡ ರಾತ್ರಿ ನಿದ್ದೆ ಮಾಡುವುದಿಲ್ಲ, ಆಪ್ತ ಸಹಾಯಕರ ಮೇಲೆ ರೇಗುತ್ತಾರೆ, ಕ್ಷೇತ್ರಕ್ಕೆ ಹೊರಡಬೇಕಾದ ದಿನ ಹೊಟ್ಟೆನೋವೆಂದು ಮಲಗಿಬಿಡುತ್ತಾರೆ ಎಂಬುದು ಅವರ ದೂರು.

ನಟರು ಬಂದಾಗ ಮೊದಲು ಆಡಿದ್ದು ಅಧಿಕಾರದ ಮಾತು. ‘ಅಂಬರೀಶ್ ಅವರಂಥವರನ್ನೇ 2016ರಲ್ಲಿ ಸಂಪುಟದಿಂದ ಕೈಬಿಟ್ಟರು, ಉಮಾಶ್ರೀ ಮಂತ್ರಿಯಾಗಿದ್ದೂ 2018ರಲ್ಲಿ ತೇರದಾಳದಲ್ಲಿ ಸೋತರು, ನಾನ್ಯಾವ ಲೆಕ್ಕ ಮೇಡಂ’ ಎಂದರು. ಈ ಆತಂಕ ಸುಳ್ಳಲ್ಲ. ಆದರೆ ಮುಂದಿನ ಚುನಾವಣೆಯ ಭಯ ಒಬ್ಬ ಮನುಷ್ಯನನ್ನು ಪ್ರತಿ ಸೋಮವಾರ ಬೆಳಿಗ್ಗೆ ಹಾಸಿಗೆಗೆ ಕೆಡವುವುದು ಕಡಿಮೆ. ಎರಡನೆಯ ಭೇಟಿಯಲ್ಲಿ, ಬಹಳ ಹೊತ್ತು ಬೇರೇನೋ ಹೇಳಿದ ಮೇಲೆ, ಅವರು ಹಿತ್ತಿಲ ಬಾಗಿಲಿನ ವಿಷಯ ಎತ್ತಿದರು.

ಕ್ಷೇತ್ರದ ನಿವೃತ್ತ ಮೇಷ್ಟ್ರೊಬ್ಬರು, ದೂರದ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿರುವ ತಮ್ಮ ಮಗಳನ್ನು ಊರಿನ ಹತ್ತಿರಕ್ಕೆ ವರ್ಗ ಮಾಡಿಸಿಕೊಡಬೇಕೆಂದು ಕೇಳಿದ್ದರು. ‘ಆಗ್ಹೋಯ್ತು ಅಂದ್ಕೊಳ್ಳಿ ಮೇಷ್ಟ್ರೇ’ ಎಂದು ಇವರು ಭುಜ ತಟ್ಟಿ ಕಳುಹಿಸಿದ್ದರು. 2020ರ ಕಾಯ್ದೆಯ ನಂತರ ಶಿಕ್ಷಕರ ವರ್ಗಾವಣೆ ಸೇವಾ ಜ್ಯೇಷ್ಠತೆ ಮತ್ತು ನಿಗದಿತ ಆದ್ಯತೆಗಳನ್ನು ನೋಡಿ ಕೌನ್ಸೆಲಿಂಗ್ ಮೂಲಕ, ಅಂದರೆ ಸರದಿಯಂತೆ ಶಿಕ್ಷಕರೇ ಖಾಲಿ ಸ್ಥಳ ಆರಿಸಿಕೊಳ್ಳುವ ಕ್ರಮದಲ್ಲಿ, ನಡೆಯುತ್ತದೆ. ಶಾಸಕರ ಪತ್ರಕ್ಕೆ ಅಲ್ಲಿ ಜಾಗವಿಲ್ಲವೆಂದು ಇವರಿಗೆ ಆಮೇಲೆ ತಿಳಿಯಿತು. ಮೇಷ್ಟ್ರು ಮತ್ತೆ ಬಂದಾಗ ‘ನಡೀತಿದೆ’ ಎಂದರು. ಮತ್ತೊಮ್ಮೆ ಬಂದಾಗ, ತಾವು ಮನೆಯಲ್ಲಿಲ್ಲವೆಂದು ಪತ್ನಿಯಿಂದ ಹೇಳಿಸಿ, ಹಿತ್ತಿಲಿಂದ ಹೊರಟು ಕಾರು ಹತ್ತಿದರು. ಅಂದಿನಿಂದ ನಿದ್ದೆ ಕೆಟ್ಟಿತು.

ಚಿತ್ರರಂಗದ ಬಾಳು ಅವರಿಗೆ ಕಲಿಸಿದ್ದು ಎದುರಿಗೆ ಬಂದವರನ್ನು ಖುಷಿಪಡಿಸಿ ಕಳುಹಿಸುವುದನ್ನು. ಅಭಿಮಾನಿಗಳನ್ನು ದೇವರೆಂದು ಕರೆದ ಡಾ. ರಾಜ್‌ಕುಮಾರ್ ಅವರ ನೆರಳಿನಲ್ಲಿ ಬೆಳೆದ ಕಲಾವಿದರಿಗೆ ದೇವರ ಮುಂದೆ ‘ಆಗುವುದಿಲ್ಲ’ ಎನ್ನುವುದು ಅಪಚಾರವೇ. (ರಾಜ್‌ಕುಮಾರ್ ಅವರು ಮಾತ್ರ ಎಷ್ಟು ಒತ್ತಾಯ ಬಂದರೂ ಚುನಾವಣೆಗೆ ನಿಲ್ಲಲಿಲ್ಲ ಎಂಬುದನ್ನು ನಾನು ಅವರಿಗೆ ನೆನಪಿಸಿದೆ, ನಕ್ಕರು.) ಅಭಿಮಾನಿ ಬಂದು ಕೈಕುಲುಕಿ, ಒಂದು ಫೋಟೋ ತೆಗೆಸಿಕೊಂಡು ತೃಪ್ತಿಯಿಂದ ಹೋಗುತ್ತಾನೆ. ಮತದಾರ ಅರ್ಜಿ ಹಿಡಿದು ಬರುತ್ತಾನೆ, ಆಗಲಿಲ್ಲವೆಂದರೆ ಮರಳಿ ಬರುತ್ತಾನೆ. ಇಬ್ಬರೂ ಒಂದೇ ಪ್ರೀತಿಯಿಂದ ‘ಅಣ್ಣಾ’ ಎಂದು ಕೂಗುವುದರಿಂದ ನಟರಿಗೆ ವ್ಯತ್ಯಾಸ ಕಾಣದೆ ಹೋಗಿತ್ತು.

ಪತ್ನಿಯ ನೋವು ಬೇರೆಯದಿತ್ತು, ಅದನ್ನು ಯಾರೂ ಕೇಳಿರಲಿಲ್ಲ. ನಾಮಪತ್ರದ ಜೊತೆ ನಮೂನೆ 26ರಲ್ಲಿ ಸಲ್ಲಿಸುವ ಪ್ರಮಾಣಪತ್ರದಲ್ಲಿ ಸಂಗಾತಿಯ ಒಡವೆ, ಠೇವಣಿ, ಸಾಲಗಳೆಲ್ಲವೂ ಸೇರಿ ಬಹಿರಂಗವಾಗುತ್ತವೆ. ತವರಿನವರು ಕೊಟ್ಟ ಚಿನ್ನದ ತೂಕವನ್ನು ಸುದ್ದಿವಾಹಿನಿಯಲ್ಲಿ ಓದಿದ್ದನ್ನು ಅವರು ಅಡುಗೆಮನೆಯಲ್ಲಿ ನಿಂತು ಕೇಳಿದ್ದರು. ಅದರ ಮೇಲೆ ಗಂಡನ ಪರವಾಗಿ ಸುಳ್ಳು ಹೇಳುವ ಕೆಲಸವೂ ಅವರ ಪಾಲಿಗೆ ಬಂದಿತ್ತು.

ಖಿನ್ನತೆಯ ಸ್ಪಷ್ಟ ಲಕ್ಷಣಗಳು ನನಗೆ ಕಾಣಲಿಲ್ಲ. ಆದರೆ ಗೆಳೆಯರೊಬ್ಬರು ಕೊಟ್ಟ ನಿದ್ರೆಮಾತ್ರೆಯನ್ನು ಅವರು ನುಂಗುತ್ತಿದ್ದರಿಂದ, ಅದನ್ನು ತಾವಾಗಿ ಮುಂದುವರಿಸುವುದಾಗಲಿ ಏಕಾಏಕಿ ಬಿಡುವುದಾಗಲಿ ಬೇಡ, ಮನೋವೈದ್ಯರನ್ನು ಕಂಡೇ ತೀರ್ಮಾನಿಸಬೇಕೆಂದು ಹೇಳಿ ಕಳುಹಿಸಿದೆ.

ನಿರಾಕರಿಸಲು ಕಲಿಯುವವರಿಗೆ ನಾವು ಸಾಮಾನ್ಯವಾಗಿ ಅಭಿನಯದ ಅಭ್ಯಾಸ ಮಾಡಿಸುತ್ತೇವೆ: ನಾನು ಅರ್ಜಿದಾರಳಾಗುತ್ತೇನೆ, ಅವರು ಇಲ್ಲವೆನ್ನಬೇಕು. ಇವರು ಅದನ್ನು ಎಷ್ಟು ಸೊಗಸಾಗಿ ಮಾಡಿದರೆಂದರೆ, ಕಣ್ಣಂಚಿನಲ್ಲಿ ನೀರೂ ಬಂತು, ಆದರೆ ಮಾತನಾಡಿದ್ದು ಅವರಲ್ಲ, ಒಂದು ಪಾತ್ರ. ಅದನ್ನು ಅಲ್ಲಿಗೇ ನಿಲ್ಲಿಸಿ, ಯಾವ ಪೂರ್ವಸಿದ್ಧತೆಯೂ ಇಲ್ಲದೆ ಮೇಷ್ಟ್ರ ಮನೆಗೆ ತಾವೇ ಹೋಗಿ ನಿಜ ಹೇಳಿ ಬರಬೇಕೆಂದೆ. ಕಾರ್ಯಕರ್ತರು, ಕ್ಯಾಮೆರಾ ಯಾವುದೂ ಜೊತೆಗಿರಬಾರದೆಂದೂ ಸೇರಿಸಿದೆ.

ದಿನನಿತ್ಯಕ್ಕೆ ಕೊಟ್ಟ ಸಲಹೆ ಇನ್ನೂ ಸರಳವಾಗಿತ್ತು. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ವರ್ಷದ 2 ಕೋಟಿ ರೂಪಾಯಿ, ಬಡವರಿಗೆ ಮನೆ, ನಿವೇಶನ ಕೊಡುವ ಆಶ್ರಯ ಸಮಿತಿ, ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್‌ಹುಕುಂ ಸಮಿತಿ ಇವುಗಳ ವ್ಯಾಪ್ತಿಗೆ ಬರುವ ಅರ್ಜಿಗೆ ಮಾತ್ರ ‘ನೋಡುತ್ತೇನೆ’ ಎನ್ನಬೇಕು, ಅದಕ್ಕೂ ತಾರೀಖು ಹೇಳಬೇಕು. ಪತ್ರ ಬರೆಯುವುದಷ್ಟೇ ತಮ್ಮಿಂದ ಸಾಧ್ಯವಾದರೆ ಪತ್ರ ಕೊಟ್ಟು, ಕೆಲಸವಾಗುವ ಭರವಸೆ ತಮ್ಮದಲ್ಲವೆಂದು ಅಲ್ಲಿಯೇ ತಿಳಿಸಬೇಕು. ಉಳಿದದ್ದಕ್ಕೆ ಅಂದೇ ಇಲ್ಲವೆನ್ನಬೇಕು. ಅರ್ಜಿದಾರರನ್ನು ಕ್ಷೇತ್ರದ ಕಚೇರಿಯಲ್ಲಿ ಕಾಣಬೇಕೇ ಹೊರತು ಬೆಂಗಳೂರಿನ ಮನೆಯಲ್ಲಲ್ಲ. ಪತ್ನಿ ಅವರ ಫೋನ್ ಎತ್ತಕೂಡದು.

ಸಿನಿಮಾಕ್ಕೆ ಮರಳಿದರೆ ಸೋತಂತಲ್ಲವೇ ಎಂದು ಅವರು ಕೇಳಿದ್ದಕ್ಕೆ, 1994ರಲ್ಲಿ ಮಲ್ಲೇಶ್ವರದಿಂದ ಗೆದ್ದು ಜೆ.ಎಚ್. ಪಟೇಲರ ಸಂಪುಟದಲ್ಲಿ ಸಚಿವರಾಗಿದ್ದ ಅನಂತ್‌ನಾಗ್ ಆಮೇಲೆಯೂ ದೀರ್ಘಕಾಲ ಚಿತ್ರಗಳಲ್ಲಿ ನಟಿಸಿದ್ದನ್ನು ಹೇಳಿದೆ. ಹಿಂತಿರುಗುವ ದಾರಿ ತೆರೆದಿದೆಯೆಂದು ತಿಳಿದವರು ಮುಂದಿರುವ ಕೆಲಸವನ್ನು ಹೆಚ್ಚು ನಿರಾಳವಾಗಿ ಮಾಡುತ್ತಾರೆಂಬುದು ನನ್ನ ಅನುಭವ.

ಅವರು ಮೇಷ್ಟ್ರ ಮನೆಗೆ ಹೋಗಿ ಬಂದರು. ಮೇಷ್ಟ್ರು ಕ್ಷಮಿಸಲಿಲ್ಲ, ‘ಇದನ್ನ ಮೊದಲ್ನೇ ದಿನಾನೇ ಹೇಳಿದ್ರೆ ನಾವು ಬೇರೆ ದಾರಿ ನೋಡ್ತಿದ್ವಿ’ ಎಂದು ಬೈದು ಕಳುಹಿಸಿದರಂತೆ. ನಿದ್ದೆ ಈಗ ಅರ್ಧಕ್ಕರ್ಧ ಸುಧಾರಿಸಿದೆ, ಸೋಮವಾರದ ಹೊಟ್ಟೆನೋವು ಆಗಾಗ ಮರುಕಳಿಸುತ್ತದೆ. ಪತ್ನಿ ಪ್ರತ್ಯೇಕವಾಗಿ ಬರುತ್ತಿದ್ದಾರೆ. ಮುಂದಿನ ಬಾರಿ ನಾಮಪತ್ರ ಸಲ್ಲಿಸುವ ಮಾತು ಬಂದರೆ, ಟಿಕೆಟ್‌ಗಾಗಿ ಪಕ್ಷದವರ ಬಳಿ ಹೋಗುವ ಮುನ್ನ ತಮ್ಮನ್ನು ಕೇಳಬೇಕೆಂದು ಅವರು ಹಾಕಿರುವ ಷರತ್ತಿಗೆ ನಟರು ಇನ್ನೂ ಉತ್ತರ ಕೊಟ್ಟಿಲ್ಲ.