ಮಿಯಾಟಾ ತಲೆಕೆಳಗಾದಾಗ ಒಳಗಿದ್ದವನು ನಾನು

ನೀವು ಕೇಳಿರೋದು ಎರಡು ವಿಷಯ. ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಜೋರು ಅಪಘಾತ ಆಗಿ ಬದುಕಿ ಉಳಿದವರು ಇಲ್ಲಿ ಯಾರಾದರೂ ಇದ್ದೀರಾ ಅನ್ನೋದು ಒಂದು. ನ್ಯೂಜೆರ್ಸಿಯಲ್ಲಿ ನೀವು ಕಣ್ಣಿಟ್ಟಿರೋ ಹಳೇ ಮಿಯಾಟಾವನ್ನು, ಮನೆಯವರು "ಅದು ಕಾರಾ, ಚಪ್ಪಲೀನಾ?" ಅಂತ ಕೇಳುತ್ತಿರುವಾಗಲೂ, ತಗೋಬಹುದಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಕೈ ಎತ್ತುತ್ತೇನೆ, ನಾನಿದ್ದೇನೆ. ಎರಡನೆಯದಕ್ಕೆ ಸ್ವಲ್ಪ ಸುತ್ತು ಹಾಕಿ ಬರಬೇಕು.

ನನ್ನದೂ ಮಜ್ದಾ ಮಿಯಾಟಾವೇ. 2001ರ ಮಾಡೆಲ್. ಬಟ್ಟೆಯ ಟಾಪು, ಎಂಜಿನ್ ಮುಂದೆ, ತಳ್ಳೋದು ಹಿಂದಿನ ಚಕ್ರ. ಉದ್ದ ನಾಲ್ಕು ಮೀಟರಿಗೆ ಮೂರು ಬೆರಳು ಕಮ್ಮಿ, ತೂಕ ಒಂದು ಟನ್ನಿಗಿಂತ ಚೂರು ಜಾಸ್ತಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರಿಟೈರಾದ ಒಬ್ಬ ಅಜ್ಜನ ಹತ್ತಿರ ಕೊಂಡಿದ್ದೆ. ಗ್ಯಾರೇಜಿನಲ್ಲಿ ಹೊದಿಕೆ ಹೊದಿಸಿಟ್ಟು, ಭಾನುವಾರಕ್ಕೊಮ್ಮೆ ಆಚೆ ತೆಗೆದಿದ್ದ ಗಾಡಿ. ಬಣ್ಣ ಹೊಳೀತಿತ್ತು, ಟೈರಿನ ಬಟನ್ ಸವೆದೇ ಇರಲಿಲ್ಲ. ಇನ್ನೂ ಎರಡು ವರ್ಷ ಟೈರಿನ ಖರ್ಚಿಲ್ಲ ಅಂತ ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದೆ. ಈ ಟೈರಿನ ವಿಷಯಕ್ಕೆ ಮತ್ತೆ ಬರ್ತೀನಿ.

ಕೊಂಡ ಮೇಲೆ ಒಂದೇ ಒಂದು ಒಳ್ಳೆ ಕೆಲಸ ಮಾಡಿದ್ದೆ, ಅದೂ ಬುದ್ಧಿ ಇದ್ದು ಮಾಡಿದ್ದಲ್ಲ. ಮಾಂಟೆರೆ ಹತ್ತಿರ ಲಗೂನಾ ಸೆಕಾ ರೇಸ್ ಟ್ರ್ಯಾಕ್ ಇದೆಯಲ್ಲ, ಅಲ್ಲಿ ನಮ್ಮಂಥವರೂ ದುಡ್ಡು ಕಟ್ಟಿ ಒಂದು ದಿನ ಗಾಡಿ ಓಡಿಸಬಹುದು. ಟಾಪ್ ತೆಗೆಯುವ ಕಾರಿಗೆ ರೋಲ್ ಬಾರ್ ಇಲ್ಲದಿದ್ದರೆ ಒಳಗೇ ಬಿಡಲ್ಲ ಅಂದರು. ಸೀಟಿನ ಬೆನ್ನ ಹಿಂದೆ ಕಾರಿನ ಮೈಗೇ ಬೋಲ್ಟ್ ಹಾಕಿ ನಿಲ್ಲಿಸುವ ದಪ್ಪ ಉಕ್ಕಿನ ಕಮಾನು ಅದು. ಕೂರಿಸಿಕೊಟ್ಟ ಮೆಕ್ಯಾನಿಕ್ ನನಗೆ ಬೆಲ್ಟ್ ಬಿಗಿದು, ಒಂದು ಉದ್ದನೆ ಪೊರಕೆ ಕೋಲು ತಂದು, ಅದರ ಒಂದು ತುದಿಯನ್ನು ಕಮಾನಿನ ಮೇಲೆ, ಇನ್ನೊಂದನ್ನು ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಇಟ್ಟ. ತಲೆ ಕೋಲಿಗೆ ತಾಗಬಾರದು, ಪರೀಕ್ಷೆ ಅಷ್ಟೇ. ನಾನು ಐದಡಿ ಆರಿಂಚು. ಜೀವನದಲ್ಲಿ ಮೊದಲ ಸಲ ಕುಳ್ಳಗಿರುವುದಕ್ಕೆ ಬೆಲೆ ಬಂತು. ನನ್ನ ಹೆಂಡತಿ ಅದನ್ನು ವಿಡಿಯೋ ಮಾಡಿ, "ಇವರಿಗೆ ದೃಷ್ಟಿ ತೆಗೀತಿದಾರೆ" ಅಂತ ಬರೆದು ನೆಂಟರಿಗೆಲ್ಲ ಕಳಿಸಿದ್ದಳು.

ಅಪಘಾತ ಆಗಿದ್ದು ಟ್ರ್ಯಾಕಿನಲ್ಲಲ್ಲ, ದಿನಾ ಸಾವಿರಾರು ಜನ ಓಡಾಡುವ ಹೈವೇ 17ರಲ್ಲಿ. ಸ್ಯಾನ್ ಹೋಸೆಯಿಂದ ಸಮುದ್ರದ ಕಡೆಯ ಸ್ಯಾಂಟಾ ಕ್ರೂಜ್‌ಗೆ ಸುಮಾರು 26 ಮೈಲಿ, ನಡುವೆ ಬೆಟ್ಟ. ಹೆಸರಿಗೆ ಹೈವೇ, ಗುಣದಲ್ಲಿ ಘಾಟಿ. ಶಿರಾಡಿಯಲ್ಲಾದರೆ ಮುಂದೆ ಲಾರಿ ಇರುತ್ತೆ, ತಾನಾಗಿ ನಿಧಾನವಾಗ್ತೀವಿ. ಇಲ್ಲಿ ಅಂಥದ್ದೇ ತಿರುವುಗಳಲ್ಲಿ ಒಂದೊಂದು ಕಡೆಗೆ ಎರಡೆರಡು ಲೇನು, ನಡುವೆ ಕಾಂಕ್ರೀಟ್ ಗೋಡೆ, ಪಕ್ಕಕ್ಕೆ ನಿಲ್ಲಿಸೋಣ ಅಂದರೆ ಜಾಗವಿಲ್ಲ, ಎಲ್ಲರೂ ಗಂಟೆಗೆ 50 ಮೈಲಿ, ಅಂದರೆ 80 ಕಿಲೋಮೀಟರ್. ಆ ದಿನ ಅಕ್ಟೋಬರ್ ಕೊನೆಯ ಭಾನುವಾರ, ಆ ವರ್ಷದ ಮೊದಲ ಮಳೆ. ಕ್ಯಾಲಿಫೋರ್ನಿಯಾದ ಆ ಭಾಗದಲ್ಲಿ ಮೇ ತಿಂಗಳಿಂದಾಚೆ ಹನಿ ಬೀಳೋದೇ ಅಪರೂಪ. ಐದಾರು ತಿಂಗಳ ಎಣ್ಣೆ, ರಬ್ಬರ್ ಪುಡಿ, ಧೂಳು ಎಲ್ಲ ರಸ್ತೆಯ ಮೇಲೆ ಕೂತಿರುತ್ತೆ. ಜೋರು ಮಳೆ ಬಂದರೆ ತೊಳೆದು ಹೋಗುತ್ತೆ. ತುಂತುರು ಬಂದರೆ ಕಲಸಿದ ಸೀಗೆಪುಡಿ ಥರ ಜಾರುತ್ತೆ. ಆವತ್ತು ಬಂದಿದ್ದು ತುಂತುರು.

ಸ್ಯಾಂಟಾ ಕ್ರೂಜ್‌ನಲ್ಲಿ ಸ್ನೇಹಿತನ ಮನೆಯಲ್ಲಿ ಊಟ ಮುಗಿಸಿ ಒಬ್ಬನೇ ವಾಪಸ್ ಬರ್ತಿದ್ದೆ. ಅವನ ಹೆಂಡತಿ ಕಟ್ಟಿಕೊಟ್ಟ ಬಿಸಿಬೇಳೆಬಾತ್ ಡಬ್ಬಿ ಪಕ್ಕದ ಸೀಟಿನಲ್ಲಿ. ಬೆಟ್ಟದ ನೆತ್ತಿ ದಾಟಿ ಲಾಸ್ ಗ್ಯಾಟೋಸ್ ಕಡೆ ಇಳಿಯುವಾಗ ಒಂದು ಬಲ ತಿರುವು. ಹಳದಿ ಬೋರ್ಡು 50ಕ್ಕಿಂತ ಕಮ್ಮಿ ಹೇಳುತ್ತಿತ್ತು, ನಾನು 50ರಲ್ಲಿದ್ದೆ. ಮುಂದಿನ ವ್ಯಾನಿನ ಕೆಂಪು ದೀಪ ಹತ್ತಿತು. ಗಾಬರಿಯಲ್ಲಿ ಆಕ್ಸಿಲರೇಟರಿನಿಂದ ಕಾಲನ್ನು ಪಟ್ಟನೆ ಎತ್ತಿದೆ.

ಹಿಂದಿನ ಚಕ್ರದ ಹಗುರ ಗಾಡಿಯಲ್ಲಿ ತಿರುವಿನ ಮಧ್ಯೆ ಮಾಡಬಾರದ ಕೆಲಸ ಅದೇ. ಎತ್ತಿನ ಗಾಡಿಯಲ್ಲಿ ಭಾರವೆಲ್ಲ ಮೂಕಿಗೆ ಬಂದರೆ ಹಿಂಭಾಗ ಹಗುರಾಗಲ್ವಾ, ಹಾಗೆ ತೂಕ ಮುಂದಕ್ಕೆ ವಾಲಿತು, ಹಿಂದಿನ ಟೈರು ನೆಲ ಬಿಟ್ಟುಕೊಟ್ಟಿತು. ಈಗಿನ ಕಾರಾಗಿದ್ದರೆ ಅದರಲ್ಲಿರೋ ಕಂಪ್ಯೂಟರ್ ತಾನೇ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ಸರಿ ಮಾಡುತ್ತಿತ್ತು. ಅಮೆರಿಕದಲ್ಲಿ 2012ರ ಮಾಡೆಲಿನಿಂದ ಅದು ಕಡ್ಡಾಯ. ನನ್ನದರಲ್ಲಿ ಆ ಕೆಲಸಕ್ಕೆ ಇದ್ದವನು ನಾನೊಬ್ಬನೇ. ಹಿಂಭಾಗ ಎಡಕ್ಕೆ ಜಾರಿ ನಡುಗೋಡೆಗೆ ಬಡಿಯಿತು. ಅಲ್ಲಿಂದ ಬುಗುರಿಯ ಹಾಗೆ ಒಂದು ಸುತ್ತು ಹೊಡೆದು, ಎರಡೂ ಲೇನು ಅಡ್ಡ ದಾಟಿ, ಬಲಗಡೆ ಬೆಟ್ಟ ಕಡಿದ ಮಣ್ಣಿನ ಗೋಡೆಗೆ ಮೂಗು ಗುದ್ದಿ, ಅದರ ಮೇಲೇ ಅರ್ಧ ಹತ್ತಿ, ಮಗುಚಿತು. ಎಲ್ಲ ಸೇರಿ ನಾಲ್ಕೈದು ಸೆಕೆಂಡ್ ಇರಬೇಕು.

ಸದ್ದಿಗಿಂತ ನೆನಪಿರೋದು ವಾಸನೆ. ಏರ್‌ಬ್ಯಾಗ್ ಉಬ್ಬೋದಕ್ಕೆ ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕು, ಉಬ್ಬಿದ್ದು ಕಣ್ಣಿಗೆ ಬೀಳಲೇ ಇಲ್ಲ. ಇಳಿದು ನೇತಾಡುತ್ತಿದ್ದದ್ದನ್ನು ನೋಡಿದೆ. ಕಾರಿನ ತುಂಬ ಬಿಳಿ ಪುಡಿ, ಆನೆ ಪಟಾಕಿ ಹೊಡೆದ ಮೇಲಿನ ಘಾಟು. ಬೆಂಕಿ ಹತ್ತಿದೆ ಅಂದುಕೊಂಡೆ. ರಕ್ತವೆಲ್ಲ ಮುಖಕ್ಕೆ ಇಳಿದು ಕಿವಿ ಗುಂಯ್ ಅನ್ನುತ್ತಿತ್ತು. ಬಟ್ಟೆಯ ಟಾಪು ಹರಿದು, ತಲೆಗೂ ಒದ್ದೆ ಟಾರಿಗೂ ನಡುವೆ ಒಂದು ಗೇಣು ಜಾಗ. ಗಾಜಿನ ಚೌಕಟ್ಟು ಮಡಚಿಕೊಂಡು ಹೋಗಿತ್ತು. ಆ ಒಂದು ಗೇಣನ್ನು ಹಿಡಿದುಕೊಂಡು ನಿಂತಿದ್ದದ್ದು ಹಿಂದಿನ ಕಮಾನು.

ಕೈ ತಾನಾಗಿ ಬೆಲ್ಟಿನ ಬಕಲ್ ಹುಡುಕುತ್ತಿತ್ತು. ಅಷ್ಟರಲ್ಲಿ ಹಿಂದಿನ ಕಾರಿನ ಹೆಂಗಸೊಬ್ಬರು ಓಡಿಬಂದು, ರಸ್ತೆಯ ಮೇಲೆ ಕೆನ್ನೆ ಇಟ್ಟು ಒಳಗೆ ನೋಡಿ, ಬೆಲ್ಟ್ ಬಿಚ್ಚಬೇಡ, ಬಿಚ್ಚಿದರೆ ನಿನ್ನ ಭಾರವೆಲ್ಲ ಕತ್ತಿನ ಮೇಲೆ ಬೀಳುತ್ತೆ ಅಂದರು. ಕೀ ಆಫ್ ಮಾಡಿಸಿದರು. ಫೈರ್‌ನವರು ಬರುವವರೆಗೂ ನನ್ನ ಹಣೆಗೆ ಅಂಗೈ ಕೊಟ್ಟು ಕೂತಿದ್ದರು. ಹೆಸರು ಕೇಳೋದಕ್ಕೆ ಆಗಲಿಲ್ಲ.

ಹೊರಗೆಳೆದು ಹಲಗೆಯ ಮೇಲೆ ಮಲಗಿಸಿದ ಮೇಲೆ ಆಂಬುಲೆನ್ಸಿನ ಹುಡುಗ ಟಾರ್ಚ್ ಬಿಟ್ಟು ನೋಡಿ ಒಂದು ಕ್ಷಣ ಹೆದರಿದ. ಕತ್ತು, ಎದೆ, ಕೂದಲು ಎಲ್ಲ ಕಡೆ ಕೆಂಪಗೆ ಮೆತ್ತಗೆ ಏನೋ ಅಂಟಿಕೊಂಡಿದೆ. ಕೈಗವಸಿನ ಬೆರಳಲ್ಲಿ ತೆಗೆದು, ಮೂಸಿ, ಜೊತೆಯವನ ಮುಖ ನೋಡಿದ. "ರೈಸ್," ಅಂದೆ ನಾನು. ಅಪಘಾತವಾದ ಮೇಲೆ ನಾನು ಆಡಿದ ಮೊದಲ ಮಾತು ಅದು. ಮೆಂತ್ಯ, ಚಕ್ಕೆ, ಮರಾಠಿ ಮೊಗ್ಗಿನ ವಾಸನೆಯಲ್ಲೇ ಆಸ್ಪತ್ರೆಗೆ ಹೋದೆ.

ಆಸ್ಪತ್ರೆಯಲ್ಲಿ ಅಂಗಿಯನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿದರು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯಾ ಅಂತ ಸ್ಕ್ಯಾನ್, ಆಮೇಲೆ ತಲೆ ಮತ್ತು ಕತ್ತಿನ ಸಿಟಿ. ಎದೆಯ ಮೂಳೆ ಬಿರುಕು, ಎರಡು ಪಕ್ಕೆಲುಬು. ಎದೆ ಮೂಳೆ ಮುರಿದರೆ ಒಳಗಿರೋ ಹೃದಯಕ್ಕೂ ಏಟು ಬಿದ್ದಿರಬಹುದು ಅಂತ ಒಂದು ರಾತ್ರಿ ಇಸಿಜಿ ಹಾಕಿ ಇಟ್ಟುಕೊಂಡರು. ಬೆಳಿಗ್ಗೆ ನೋಡಿಕೊಂಡರೆ ಎಡ ಭುಜದಿಂದ ಬಲ ಸೊಂಟಕ್ಕೆ ಬೆಲ್ಟಿನ ನೀಲಿ ಬರೆ, ಥೇಟ್ ಜನಿವಾರ. ಇಲ್ಲಿ ಡ್ರೈವರ್ ಸೀಟು ಎಡಕ್ಕಲ್ವಾ. "ಊರಿನ ಕಾರಾಗಿದ್ದರೆ ಅಪಸವ್ಯ ಆಗ್ತಿತ್ತು ಭಾವ, ಶಕುನ ಒಳ್ಳೇದಿತ್ತು ಬಿಡಿ," ಅಂತ ನನ್ನ ಭಾಮೈದ ಫೋನಿನಲ್ಲಿ ಅಂದ. ನಕ್ಕೆ. ಎದೆ ಮೂಳೆ ಮುರಿದವರು ನಗಬಾರದು. ಕೆಮ್ಮು, ಸೀನು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿಯಿರಿ, ಅದೊಂದೇ ಉಪಾಯ.

ಇನ್ನೊಂದು ವಿಷಯ, ಇದು ಕಾರಿನವರಿಗಷ್ಟೇ ಅಲ್ಲ, ಸ್ಕೂಟರಿನಿಂದ ಬಿದ್ದವರಿಗೂ. ಬಲ ಮಣಿಕಟ್ಟು ನೋಯುತ್ತಿತ್ತು, ಎಕ್ಸ್‌ರೇ ಸರಿಯಾಗಿತ್ತು, ಉಳುಕು ಅಂದುಕೊಂಡೆ. ಹತ್ತು ದಿನ ಬಿಟ್ಟು ಮೂಳೆ ಡಾಕ್ಟರು ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿ, ಅದರ ಬುಡದಲ್ಲಿ ಬೀಳುವ ಗುಳಿಯನ್ನು ಒತ್ತಿದರು. ಪ್ರಾಣ ಹೋಯಿತು. ನಮ್ಮ ತಾತ ನಶ್ಯ ಸುರಿದುಕೊಂಡು ಏರಿಸುತ್ತಿದ್ದ ಗುಳಿ ಅದು. ಇಂಗ್ಲಿಷ್ ವೈದ್ಯರೂ ಅದನ್ನು ನಶ್ಯದ ಡಬ್ಬಿ ಅಂತಲೇ ಕರೀತಾರಂತೆ. ಅದರ ಅಡಿಯಲ್ಲಿ ಸ್ಕೇಫಾಯ್ಡ್ ಅಂತ ಗೋಡಂಬಿಯಷ್ಟು ಮೂಳೆ. ಮುರಿದರೂ ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣಲ್ಲ. ಅದಕ್ಕೆ ರಕ್ತ ಸರಬರಾಜು ಕಮ್ಮಿ, ಹಾಗೇ ಬಿಟ್ಟರೆ ಕೂಡದೇ ಉಳಿಯಬಹುದು. ಎಂಆರ್‌ಐಯಲ್ಲಿ ಗೆರೆ ಕಂಡಿತು. ಹನ್ನೆರಡು ವಾರ ಕಟ್ಟು. ಆ ಗುಳಿ ನೋಯುತ್ತಿದ್ದರೆ ಉಳುಕು ಅಂತ ಎಣ್ಣೆ ತಿಕ್ಕುತ್ತಾ ಕೂರಬೇಡಿ.

ಅಮ್ಮನಿಗೆ ಹೇಳಿರಲಿಲ್ಲ. ತಿಪಟೂರಿಗೆ ವಿಡಿಯೋ ಕಾಲ್ ಮಾಡುವಾಗ ಬಲಗೈ ಕ್ಯಾಮೆರಾದಿಂದ ಆಚೆ ಇಟ್ಟುಕೊಂಡು ಮೂರು ವಾರ ತಳ್ಳಿದೆ. ನಾಲ್ಕನೇ ವಾರ, "ಅದ್ಯಾಕೋ ಎಡಗೈಲಿ ತಿಂತಿದೀಯ?" ಅಂದರು. ಮುಗೀತು. ಬೈಗುಳ ಆದ ಮೇಲೆ ರಾಯರೇ ಕಾಪಾಡಿದ್ದು ಅಂದರು. ಇಲ್ಲ ಅನ್ನಲಿಲ್ಲ. ಆದರೆ ಭುಜದಿಂದ ಸೊಂಟಕ್ಕೆ ಬರುವ ಈ ಬೆಲ್ಟನ್ನು 1959ರಲ್ಲಿ ತಂದ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್‌ಗೂ ಗುರುವಾರಕ್ಕೊಂದು ನಮಸ್ಕಾರ ಹಾಕುತ್ತೇನೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಚಿಕ್ಕ ಕಾರು ಅಪಾಯವಾ? ನಿಮ್ಮ ಮನೆಯವರ ಮಾತು ಸುಳ್ಳಲ್ಲ. 1050 ಕಿಲೋ ಕಾರಿಗೆ 2100 ಕಿಲೋ ಎಸ್‌ಯುವಿ ಎದುರಾ ಎದುರು ಬಂತು, ಇಬ್ಬರೂ 60ರಲ್ಲಿ ಅಂತಿಟ್ಟುಕೊಳ್ಳಿ. ಗುದ್ದಿ ಅಂಟಿಕೊಂಡರೆ ಎರಡೂ ದೊಡ್ಡದರ ದಿಕ್ಕಿನಲ್ಲೇ 20ರಲ್ಲಿ ಹೋಗುತ್ತವೆ. ಅವನ ವೇಗ ಬದಲಾಗಿದ್ದು 40. ನನ್ನದು ಮುಂದಕ್ಕೆ 60 ಇದ್ದದ್ದು ಹಿಂದಕ್ಕೆ 20, ಒಟ್ಟು 80. ಈ ಲೆಕ್ಕಕ್ಕೆ ಯಾವ ಏರ್‌ಬ್ಯಾಗೂ ಪೂರ್ತಿ ಉತ್ತರ ಕೊಡಲ್ಲ. ಹೈವೇ 17ರ ನಡುಗೋಡೆ ಇಲ್ಲದಿದ್ದರೆ ನಾನು ಜಾರಿ ಹೋಗುತ್ತಿದ್ದದ್ದು ಎದುರಿನ ಲೇನಿಗೇ. ಆಗ ಈ ಉತ್ತರ ಬರೆಯೋದಕ್ಕೆ ಇರುತ್ತಿರಲಿಲ್ಲ.

ಆದರೆ ನನ್ನನ್ನು ಮಗುಚಿ ಹಾಕಿದ್ದು ಕಾರಿನ ಗಾತ್ರವಲ್ಲ. ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಅಂದ ಮೇಲೆ, ಸಾಮಾನು ತೆಗೆದುಕೊಳ್ಳೋದಕ್ಕೆ ಗಾಡಿ ಎಳೆದಿಟ್ಟಿದ್ದ ಯಾರ್ಡಿಗೆ ಹೋದೆವು. ಎಡ ಹಿಂದಿನ ಚಕ್ರ ಬುಡ ಮುರಿದು ಒಳಮೈ ಹೊರಕ್ಕೆ ತಿರುಗಿಕೊಂಡಿತ್ತು. ಟೈರಿನ ಆ ಮೈಮೇಲೆ ಡಾಟ್ (DOT) ಅಂತ ಅಕ್ಷರ, ಅದರ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ: 2208. ಅಂದರೆ 2008ರ 22ನೇ ವಾರ ತಯಾರಾದ ಟೈರು. ನಾನು ಮಗುಚಿದ್ದು 2018ರಲ್ಲಿ. ಬಟನ್ ಸವೆದಿರಲಿಲ್ಲ ನಿಜ, ಗಾಡಿ ಓಡಿದ್ದರೆ ತಾನೇ ಸವೆಯೋದು. ರಬ್ಬರ್ ಹತ್ತು ವರ್ಷ ಗ್ಯಾರೇಜಿನಲ್ಲೇ ಕೂತು ಗಟ್ಟಿಯಾಗಿತ್ತು. ಉಗುರು ಒತ್ತಿ ನೋಡಿದೆ, ಗುರುತೇ ಬೀಳಲಿಲ್ಲ. ಪೂರ್ತಿ ಡಾಟ್ ಅಂಕಿ ಟೈರಿನ ಒಂದೇ ಮೈಗೆ ಇದ್ದರೂ ಸಾಕು ಅಂತ ನಿಯಮ. ನನ್ನದರಲ್ಲಿ ಅದು ಒಳಮೈಗೆ ಬಂದಿತ್ತು. ಕೊಳ್ಳುವ ದಿನ ಕಾರಿನ ಕೆಳಗೆ ಬಗ್ಗಿ ನೋಡಿದ್ದರೆ ಕಾಣುತ್ತಿತ್ತು. ಪ್ಯಾಂಟ್ ಮಂಡಿ ಕೊಳೆಯಾಗುತ್ತೆ ಅಂತ ಬಗ್ಗಿರಲಿಲ್ಲ.

ಮಳೆ ಬಂದು ವೈಪರ್ ಓಡಿದರೆ ಈಗಲೂ ಅಂಗೈ ಬೆವರುತ್ತೆ. ವರ್ಷವಿಡೀ ಹೆಂಡತಿ ಓಡಿಸುವಾಗ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕ್ ತುಳಿದು ಅವಳ ಹತ್ತಿರ ಬೈಸಿಕೊಂಡೆ. ಕೌನ್ಸೆಲಿಂಗ್ ತಗೊಂಡೆ, ನಾಚಿಕೆ ಇಲ್ಲ. ಮತ್ತೆ ಮಿಯಾಟಾ ಕೊಂಡಿಲ್ಲ, ಅದು ಬೇರೆ ಕಥೆ, ಈಗ ಮನೆಯಲ್ಲಿ ಮಗು ಇದೆ, ಅದಕ್ಕೆ ಹಿಂದಿನ ಸೀಟು ಬೇಕು.

ನೀವು ಕೊಳ್ಳೋದಾದರೆ ಬೆಲೆ ಮಾತಾಡುವ ಮೊದಲೇ ಹೊಸ ಟೈರಿನ ದುಡ್ಡು ಪಕ್ಕಕ್ಕಿಡಿ. ನ್ಯೂಜೆರ್ಸಿಯ ಚಳಿಗೆ ಬೇಸಿಗೆ ಟೈರು ಬೇಡವೇ ಬೇಡ, ಅದು ಕಲ್ಲಾಗುತ್ತೆ. ರೋಲ್ ಬಾರ್ ಹಾಕಿಸಿದರೆ ಕಮಾನಿಗೆ ಗಟ್ಟಿ ಪ್ಯಾಡಿಂಗ್ ಸುತ್ತಿಸಿ. ಹೆಲ್ಮೆಟ್ ಇಲ್ಲದ ಬರಿತಲೆ ಹಿಂದಕ್ಕೆ ಬಡಿದರೆ ಕಾಪಾಡಬೇಕಾದ ಕಬ್ಬಿಣವೇ ತಲೆಬುರುಡೆ ಒಡೆಯುತ್ತೆ. ಪೊರಕೆ ಕೋಲಿನ ಪರೀಕ್ಷೆ ಮನೆಯವರ ಕೈಯಲ್ಲೇ ಮಾಡಿಸಿ. ನೀವು ಆರಡಿ ಆಳಾಗಿದ್ದರೆ ಆ ಕಾರನ್ನು ಮರೆತುಬಿಡೋದು ವಾಸಿ.

ಈ ಶನಿವಾರ ನೋಡೋದಕ್ಕೆ ಹೋಗ್ತೀನಿ ಅಂತ ಬರೆದಿದ್ದೀರಿ. ಹಳೆ ಪ್ಯಾಂಟ್ ಹಾಕಿಕೊಂಡು ಹೋಗಿ. ನಾಲ್ಕೂ ಟೈರಿನ ಒಳಮೈ ಹೊರಮೈ ಎರಡರ ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ, ಅಂಕಿ ಓದಿ ಹೇಳ್ತೀನಿ.