ಕೋಡಿಂಗ್ ಬರುತ್ತೆ, ಬೀಜಗಣಿತ ಬರಲ್ಲ: ಏನು ಮಾಡೋಣ?

ಪ್ರಶ್ನೆ: ಮಗ ಇಂಗ್ಲಿಷ್ ಮಾಧ್ಯಮ, ರಾಜ್ಯ ಬೋರ್ಡ್, ಒಂಬತ್ತನೇ ತರಗತಿ. ಪೈಥಾನ್ ಕೋಡಿಂಗ್ ಕ್ಲಾಸಿಗೆ ಖುಷಿಯಿಂದ ಹೋಗುತ್ತಾನೆ, ಸಣ್ಣಪುಟ್ಟ ಆಟಗಳನ್ನು ತಾನೇ ಬರೆಯುತ್ತಾನೆ. ಬೀಜಗಣಿತದಲ್ಲಿ ಮಾತ್ರ 40ಕ್ಕೆ 16. ಕಂಪ್ಯೂಟರ್ ಓದುವವನಿಗೆ ಇಷ್ಟೆಲ್ಲ ಗಣಿತ ಬೇಕೇ? ಕೋಡಿಂಗ್ ಬಿಡಿಸಿ ಗಣಿತದ ಟ್ಯೂಷನ್‌ಗೆ ಹಾಕಲೇ?
(ತಾಯಿ, ಚಿಂಚವಡ, ಪುಣೆ)

ಉತ್ತರ: ಕೋಡಿಂಗ್ ಬಿಡಿಸಬೇಡಿ. ಟ್ಯೂಷನ್‌ಗೂ ಈಗಲೇ ಓಡಬೇಡಿ. ಮೊದಲು ಅವನ ಉತ್ತರಪತ್ರಿಕೆ ತೆಗೆಸಿ, ಹೋದ ಒಂದೊಂದು ಅಂಕದ ಪಕ್ಕದಲ್ಲೂ ಕಾರಣ ಬರೆಸಿ. ಚಿಹ್ನೆ ತಪ್ಪಿತೇ? ಮಾತಿನ ಲೆಕ್ಕವನ್ನು ಸಮೀಕರಣ ಮಾಡಲು ಬರಲಿಲ್ಲವೇ? ಸೂತ್ರವೇ ಗೊತ್ತಿರಲಿಲ್ಲವೇ? ಸಮಯ ಸಾಲಲಿಲ್ಲವೇ? ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಎಲ್ಲಕ್ಕೂ ಒಂದೇ ಟ್ಯೂಷನ್ ಅಂದರೆ ದುಡ್ಡೂ ದಂಡ, ಸಂಜೆಯೂ ದಂಡ.

ಕೋಡಿಂಗ್ ಚುರುಕಾಗಿರುವ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು. 3ಅ − 2(ಅ − 5) ಬಿಡಿಸು ಅಂದರೆ ಅ − 10 ಅಂತ ಬರೆದುಬಿಡುತ್ತಾರೆ. ಕಂಸದ ಹೊರಗಿನ −2 ಒಳಗಿನ −5ನ್ನೂ ಗುಣಿಸಬೇಕು. ಸರಿಯುತ್ತರ ಅ + 10. ಇದೇ ಹುಡುಗ 40 ಮತ್ತು 60ರ ಸರಾಸರಿಗೆ ಪೈಥಾನ್‌ನಲ್ಲಿ 40 + 60 / 2 ಅಂತ ಬರೆದರೆ 50ರ ಬದಲು 70 ಬರುತ್ತದೆ, ಯಾಕೆಂದರೆ ಭಾಗಾಕಾರ ಮೊದಲು ನಡೆಯುತ್ತದೆ. ಪರದೆ ಮೇಲೆ ಕೆಂಪಕ್ಷರದ ಎರರ್ ಏನೂ ಬರುವುದಿಲ್ಲ, ಹಾಗಾಗಿ ತಪ್ಪು ಅವನ ಕಣ್ಣಿಗೇ ಬೀಳುವುದಿಲ್ಲ. ಎರಡೂ ಕಡೆ ಎಡವಿದ್ದು ಕಂಸದಲ್ಲೇ.

ಮದ್ದು ಹತ್ತು ಸೆಕೆಂಡಿನದು. ಉತ್ತರ ಬರೆದ ಮೇಲೆ ಅ = 1 ಹಾಕಿ ನೋಡಲಿ. ಮೂಲದ ಬೆಲೆ 3 − 2(−4) = 11, ಅವನ ಉತ್ತರದ ಬೆಲೆ −9. ತಾಳೆಯಾಗಲಿಲ್ಲ, ಅಂದರೆ ಎಲ್ಲೋ ತಪ್ಪಿದೆ. ಒಂದು ಬೆಲೆಗೆ ಆಕಸ್ಮಿಕವಾಗಿ ತಾಳೆಯಾಗಬಹುದು, ಆದ್ದರಿಂದ 1 ಮತ್ತು 3 ಎರಡನ್ನೂ ಹಾಕಿ ನೋಡಲಿ. ಸೊನ್ನೆ ಹಾಕಿದರೆ ಅ ಇರುವ ಪದಗಳೆಲ್ಲ ಮಾಯವಾಗುವುದರಿಂದ ಅದೊಂದನ್ನೇ ನಂಬಬಾರದು. ಪ್ರೋಗ್ರಾಂ ಬರೆಯುವವರು ಟೆಸ್ಟ್ ಕೇಸ್ ಅನ್ನುವುದು ಇದಕ್ಕೇ. ಕೋಡಿಂಗ್‌ನಲ್ಲಿ ಈ ಅಭ್ಯಾಸ ಇರುವವನಿಗೆ ಗಣಿತದ ನೋಟ್‌ಬುಕ್ಕಿಗೆ ಅದನ್ನು ತರಲು ಬಹಳ ದಿನ ಬೇಕಾಗುವುದಿಲ್ಲ.

ಇನ್ನು, ಗಣಿತ ಯಾಕೆ ಬೇಕು ಅನ್ನುವುದನ್ನು ಅವನೇ ಕಂಡುಕೊಳ್ಳುವಂಥ ಒಂದು ಕೆಲಸ ಕೊಡಿ. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ದ. ರಾ. ಕಾಪ್ರೇಕರ್ (1905–1986) ಕಂಡುಹಿಡಿದದ್ದು: ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ಅಂಕಿಗಳನ್ನು ಇಳಿಕೆ ಕ್ರಮದಲ್ಲಿಟ್ಟು ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ, ಬಂದ ಉತ್ತರಕ್ಕೂ ಹಾಗೇ ಮಾಡಿ. 3524 ತೆಗೆದುಕೊಂಡರೆ 5432 − 2345 = 3087, ಆಮೇಲೆ 8730 − 0378 = 8352, ಆಮೇಲೆ 8532 − 2358 = 6174. ಅಲ್ಲಿಂದ ಮುಂದೆ 6174 ಬಿಟ್ಟು ಕದಲುವುದಿಲ್ಲ. ಹೆಚ್ಚೆಂದರೆ ಏಳು ಹೆಜ್ಜೆ.

ಇದನ್ನೇ ಪೈಥಾನ್‌ನಲ್ಲಿ ಬರೆಯಲು ಹೇಳಿ. ಪ್ರೋಗ್ರಾಂ ಹದಿನೈದು ಸಾಲಿನೊಳಗೆ ಮುಗಿಯುತ್ತದೆ, ಆದರೆ ಎರಡು ಕಡೆ ಎಡವುತ್ತದೆ. 2111 ಕೊಡಿ: ಮೊದಲ ಉತ್ತರ 0999. ಪೈಥಾನ್ ಮುಂದಿನ ಸೊನ್ನೆ ಬಿಟ್ಟು 999 ಅಂತ ಇಟ್ಟುಕೊಂಡರೆ 999 − 999 = 0 ಆಗಿ ಕೆಟ್ಟಿತು. ಮುಂದೆ ಸೊನ್ನೆ ತುಂಬಿಸುವ ಝಡ್‌ಫಿಲ್(4) ಬಳಸಿ ನಾಲ್ಕಂಕಿ ಕಾಯ್ದುಕೊಂಡರೆ 8991, 8082, 8532, 6174 ಅಂತ ಸರಿಯಾಗಿ ನಡೆಯುತ್ತದೆ. ಇನ್ನು 1111 ಕೊಟ್ಟರೆ ಮೊದಲ ಹೆಜ್ಜೆಗೇ ಸೊನ್ನೆ. ‘6174 ಬರುವ ತನಕ’ ಅಂತ ಲೂಪ್ (ಅದೇ ಹೆಜ್ಜೆಗಳನ್ನು ಮತ್ತೆ ಮತ್ತೆ ಮಾಡಿಸುವ ಆದೇಶ) ಬರೆದಿದ್ದರೆ ಅದು ನಿಲ್ಲುವುದೇ ಇಲ್ಲ. ನಾಲ್ಕೂ ಅಂಕಿ ಒಂದೇ ಆಗಿದ್ದರೆ ಮೊದಲೇ ತಡೆಯಬೇಕು.

ಪ್ರೋಗ್ರಾಂ ಓಡಿದ ಮೇಲೆ ಕೇಳಿ: ಪ್ರತಿ ಹೆಜ್ಜೆಯ ಉತ್ತರವೂ 9ರಿಂದ ಭಾಗವಾಗುತ್ತದಲ್ಲ, ಯಾಕೆ? ಸಾವಿರಾರು ಸಂಖ್ಯೆ ಓಡಿಸಿದರೂ ಕಂಪ್ಯೂಟರ್ ‘ಆಗುತ್ತದೆ’ ಅನ್ನುತ್ತದೆಯೇ ಹೊರತು ‘ಯಾಕೆ’ ಹೇಳುವುದಿಲ್ಲ. ದೊಡ್ಡದರಿಂದ ಚಿಕ್ಕದಕ್ಕೆ ಅಂಕಿಗಳು ಅ, ಬ, ಕ, ಡ ಆಗಿದ್ದರೆ ವ್ಯತ್ಯಾಸ 999(ಅ − ಡ) + 90(ಬ − ಕ). 999ಕ್ಕೂ 90ಕ್ಕೂ 9 ಹೋಗುತ್ತದೆ, ಮುಗಿಯಿತು. ಇದು ಒಂಬತ್ತನೇ ತರಗತಿಯ ಬೀಜಗಣಿತ. ಇದನ್ನು ಅವನು ತಾನಾಗಿ ಬರೆದರೆ ‘ಗಣಿತ ಬೇಕೇ’ ಅನ್ನುವ ಪ್ರಶ್ನೆ ಮನೆಯಲ್ಲಿ ಮತ್ತೆ ಏಳಲಾರದು.

ಪ್ರಶ್ನೆ: ನಾನು ಮುಂಬೈನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ತರಗತಿ. ಹನ್ನೊಂದರಲ್ಲಿ ಸೈನ್ಸ್ ತಗೊಂಡು ಕಂಪ್ಯೂಟರ್ ಇಂಜಿನಿಯರ್ ಆಗಬೇಕು ಅಂತ ಆಸೆ. ಎಲ್ಲ ಇಂಗ್ಲಿಷ್‌ನಲ್ಲಿ ಇರುತ್ತದಲ್ಲ, ಭಯ. ಕಂಪ್ಯೂಟರ್ ಸೈನ್ಸ್ ವಿಷಯ ತೆಗೆದುಕೊಳ್ಳಲೇಬೇಕೇ?
(ವಿದ್ಯಾರ್ಥಿನಿ, ವಡಾಲಾ)

ಉತ್ತರ: ನಿನ್ನ ಕೈಲಿ ಒಂದು ಒಳ್ಳೇ ಅನುಕೂಲ ಇದೆಯಮ್ಮ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಗಣಿತ ಭಾಗ 1 ಮತ್ತು ಭಾಗ 2 ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಇವೆ; ಪಾಠ, ಅಭ್ಯಾಸ, ಲೆಕ್ಕ ಎಲ್ಲ ಒಂದೇ. ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಕನ್ನಡದಲ್ಲಿ ಬಿಡಿಸಿದ ಲೆಕ್ಕವನ್ನೇ ಅದೇ ದಿನ ಇಂಗ್ಲಿಷ್ ಪುಸ್ತಕದಲ್ಲಿ ಓದು. ಹೊಸ ಲೆಕ್ಕ ಬೇಡ, ಗೊತ್ತಿರುವ ಲೆಕ್ಕವೇ ಇರಲಿ. ಅರ್ಥ ಮೊದಲೇ ತಿಳಿದಿರುವುದರಿಂದ ಪದ ತಾನಾಗಿ ಕೂರುತ್ತದೆ. ವರ್ಗ ಸಮೀಕರಣ ಅಂದರೆ ಕ್ವಾಡ್ರಾಟಿಕ್ ಈಕ್ವೇಶನ್, ಇಂಥವು ಒಂದೆರಡು ವಾರದಲ್ಲಿ ಬಂದುಬಿಡುತ್ತವೆ.

ಕಾಡುವುದು ಸಣ್ಣ ಮಾತುಗಳು. ಮೂರು ನಾಣ್ಯ ಚಿಮ್ಮಿದಾಗ ‘ಅಟ್ ಲೀಸ್ಟ್ ಟೂ ಹೆಡ್ಸ್’ ಅಂದರೆ ಕಡಿಮೆಯೆಂದರೆ ಎರಡು, ಸಂಭವನೀಯತೆ 4/8. ‘ಅಟ್ ಮೋಸ್ಟ್ ಟೂ’ ಅಂದರೆ ಹೆಚ್ಚೆಂದರೆ ಎರಡು, 7/8. ಲೆಕ್ಕ ಬಂದೂ ಅಂಕ ಹೋಗುವುದು ಇಲ್ಲಿ. ಇಂಥ ಮಾತುಗಳಿಗೆ ಒಂದು ಪುಟ ಬೇರೆಯೇ ಇಡು, ಪ್ರತಿಯೊಂದಕ್ಕೂ ಒಂದು ಲೆಕ್ಕ ಬರೆ.

ಕಂಪ್ಯೂಟರ್ ಸೈನ್ಸ್ ಕಡ್ಡಾಯವಲ್ಲ. ರಾಜ್ಯ ಬೋರ್ಡ್‌ನ ಹನ್ನೊಂದು–ಹನ್ನೆರಡರಲ್ಲಿ ಅದು ಬೈಫೋಕಲ್ (ವೃತ್ತಿಪರ) ವಿಷಯ, 200 ಅಂಕ. ಅದನ್ನು ತಗೊಂಡರೆ ಎರಡನೇ ಭಾಷೆ ಮತ್ತು ಇನ್ನೊಂದು ವಿಷಯ ಬಿಡಬೇಕು; ಎರಡನೇ ಭಾಷೆಯಾಗಿ ಕನ್ನಡ ಓದುವ ಆಸೆ ಇದ್ದರೆ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಫೀಸ್ ಬೇರೆ ಇರುತ್ತದೆ, ಸೀಟು ಕಡಿಮೆ. ಇಂಜಿನಿಯರಿಂಗ್‌ಗೆ ಬರೆಯುವ ಪ್ರವೇಶ ಪರೀಕ್ಷೆ ಎಂಎಚ್‌ಟಿ–ಸಿಇಟಿಯ ಪಿಸಿಎಂ ಗುಂಪಿನಲ್ಲಿ ಕೇಳುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾತ್ರ, ಅದರಲ್ಲೂ ಅರ್ಧದಷ್ಟು ಅಂಕ ಮ್ಯಾಥ್ಸ್‌ದೇ. ಹಾಗಾಗಿ ನಮ್ಮ ಸಲಹೆ: ಪ್ರಾಕ್ಟಿಕಲ್ ಮಾಡಲು ಸಾಕಷ್ಟು ಕಂಪ್ಯೂಟರ್ ಇರುವ ಕಾಲೇಜು ಸಿಕ್ಕರೆ ತಗೋ, ಸಿಗದಿದ್ದರೆ ಮ್ಯಾಥ್ಸ್ ಗಟ್ಟಿ ಮಾಡಿಕೋ. ಬಾಗಿಲು ಮುಚ್ಚುವುದಿಲ್ಲ.

ಪ್ರಶ್ನೆ: ಮಗಳು ಎಂಟನೇ ತರಗತಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ನನ್ನ ಮೊಬೈಲ್ ಒಂದೇ. ಪ್ರೋಗ್ರಾಮಿಂಗ್ ಶುರು ಮಾಡಬಹುದೇ?
(ತಂದೆ, ವಾಸ್ಕೋ, ಗೋವಾ)

ಉತ್ತರ: ಧಾರಾಳವಾಗಿ. ಮೊದಲ ಎರಡು ತಿಂಗಳು ನೋಟ್‌ಬುಕ್ ಸಾಕು. ಎರಡು ಸಂಖ್ಯೆಗಳ ಮಸಾಅ (ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಹುಡುಕುವ ಯೂಕ್ಲಿಡ್ ವಿಧಾನದಿಂದ ಶುರು ಮಾಡಿಸಿ: ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ಶೇಷ ಬರೆ, ಆಮೇಲೆ ಚಿಕ್ಕದನ್ನು ಆ ಶೇಷದಿಂದ ಭಾಗಿಸು, ಶೇಷ ಸೊನ್ನೆಯಾದಾಗ ಭಾಜಕವೇ ಉತ್ತರ. 84ನ್ನು 36ರಿಂದ ಭಾಗಿಸಿದರೆ ಶೇಷ 12; 36ನ್ನು 12ರಿಂದ ಭಾಗಿಸಿದರೆ ಶೇಷ 0; ಉತ್ತರ 12. ಪುಟದಲ್ಲಿ ‘ದೊಡ್ಡದು’, ‘ಚಿಕ್ಕದು’, ‘ಶೇಷ’ ಅಂತ ಮೂರು ಕಾಲಂ ಗೀಟು ಹಾಕಿ, ಹೆಜ್ಜೆಗೊಂದು ಸಾಲು ತುಂಬಲಿ. ಲೂಪ್ ಅರ್ಥವಾಗುವುದು ಈ ಕೋಷ್ಟಕದಲ್ಲೇ.

ಆಮೇಲೆ ಆಂಡ್ರಾಯ್ಡ್ ಮೊಬೈಲಿಗೆ ಪೈಡ್ರಾಯ್ಡ್ 3 ಆ್ಯಪ್ ಹಾಕಿಕೊಳ್ಳಿ, ನೆಟ್ ಇಲ್ಲದೆಯೂ ಪೈಥಾನ್ ಓಡುತ್ತದೆ. ಚಿಕ್ಕ ಕೀಬೋರ್ಡಿನಲ್ಲಿ ಸಾಲಿನ ಮುಂದಿನ ಖಾಲಿ ಜಾಗ ಹೆಚ್ಚುಕಡಿಮೆಯಾಗಿ ಇಂಡೆಂಟೇಶನ್ ಎರರ್ ಬರುವುದು ಸಾಮಾನ್ಯ. ಪ್ರತಿ ಹಂತಕ್ಕೂ ನಾಲ್ಕೇ ಸ್ಪೇಸ್ ಅಂತ ರೂಢಿ ಮಾಡಿಸಿ. ಇಪ್ಪತ್ತು ಸಾಲು ಮೀರಿದ ಪ್ರೋಗ್ರಾಂ ಮೊಬೈಲಿನಲ್ಲಿ ಬೇಡ, ಕಣ್ಣಿಗೂ ಕಷ್ಟ. ಅದನ್ನು ಶಾಲೆಯ ಲ್ಯಾಬ್ ಪೀರಿಯಡ್ಡಿಗೆ ಬರೆದುಕೊಂಡು ಹೋಗಲಿ. ಝೋನಲ್ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನ (ಶಾಲಾ ಮಕ್ಕಳ ಕಂಪ್ಯೂಟಿಂಗ್ ಸ್ಪರ್ಧೆಯ ಮೊದಲ ಸುತ್ತು) ಹಳೆಯ ಪ್ರಶ್ನೆಪತ್ರಿಕೆಗಳು ನೆಟ್‌ನಲ್ಲಿ ಸಿಗುತ್ತವೆ. ಅವುಗಳನ್ನು ಬಿಡಿಸಲು ಯಾವ ಪ್ರೋಗ್ರಾಮಿಂಗ್ ಭಾಷೆಯೂ ಬೇಕಿಲ್ಲ, ಪೆನ್ನು ಹಾಳೆ ಸಾಕು. ಎಂಟನೇ ತರಗತಿಯವಳಿಗೆ ವಾರಕ್ಕೆ ಒಂದು ಪ್ರಶ್ನೆ ಸಾಕು. ಒಂದೇ ಪ್ರಶ್ನೆಗೆ ಮೂರು ಸಂಜೆ ಹಿಡಿದರೂ ಆತುರ ಮಾಡಬೇಡಿ.