ಬರೆದದ್ದೆಲ್ಲ ಬ್ಯಾಗಿನಲ್ಲೇ ಇತ್ತು

ಶಿಡ್ಲಘಟ್ಟ ಕಡೆಯ ಎಂಟನೇ ಕ್ಲಾಸ್ ಹುಡುಗ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಪ್ರತಿ ಎಫ್‌ಎ (ಶಾಲೆಯಲ್ಲಿ ವರ್ಷದ ನಡುನಡುವೆ ಮಾಡುವ ಮೌಲ್ಯಮಾಪನ) ಮುಗಿದ ಮೇಲೂ ಇಂಥ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ದೂರು ಒಂದೇ: ಹೋಂವರ್ಕ್ ಕೊಡಲ್ಲ, ನೋಟ್ಸ್ ಕಳೀತಾನೆ, ಹೇಳಿ ಹೇಳಿ ಸಾಕಾಯ್ತು.

ಎರಡನೇ ಭೇಟಿಯಲ್ಲಿ ಬ್ಯಾಗನ್ನು ಮೇಜಿನ ಮೇಲೆ ಸುರಿ ಅಂದೆ. ರಟ್ಟು ಕಿತ್ತ ನೋಟ್‌ಬುಕ್ಕು, ಮುಚ್ಚಳ ಇಲ್ಲದ ಪೆನ್ನು, ತಳದಲ್ಲಿ ಮುದ್ದೆಯಾದ ಹಾಳೆಗಳು. ಒಂದನ್ನು ಬಿಡಿಸಿದೆ. ವಿಜ್ಞಾನದ ಚಟುವಟಿಕೆ. ಪೂರ್ತಿ ಬರೆದು, ಚಿತ್ರವನ್ನೂ ಬಿಡಿಸಿದ್ದ. ಕೊಟ್ಟೇ ಇರಲಿಲ್ಲ!

ಪಕ್ಕದಲ್ಲಿದ್ದ ಅಪ್ಪ, "ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋದನ್ನ ಮಾತ್ರ ಒಂದಿನಾನೂ ಮರೆಯಲ್ಲ ಮೇಡಂ. ಓದೋದಕ್ಕೇ ಸೋಮಾರಿತನ" ಅಂದರು.

ಹುಡುಗ ತಲೆ ಎತ್ತಲಿಲ್ಲ. "ಮನೇಲಿ ಸೊಪ್ಪು ಎಲ್ಲಿರುತ್ತೆ, ಯಾವಾಗ ಹಾಕಬೇಕು, ಹುಳ ಜ್ವರಕ್ಕೆ ಕೂತಾಗ, ಅಂದ್ರೆ ಪೊರೆ ಬಿಡುವಾಗ, ಹಾಕಬಾರದು, ಎಲ್ಲಾ ಗೊತ್ತು. ಸ್ಕೂಲಲ್ಲಿ ಬೆಲ್ ಹೊಡೆದ ತಕ್ಷಣ ಬಸ್ಸಿಗೆ ಓಡಬೇಕು. ಸಿಕ್ಕಿದ್ದನ್ನ ತುರುಕ್ತೀನಿ."

ಇದು ಸೋಮಾರಿಯ ಮಾತಲ್ಲ. ಕೆಡುತ್ತಿದ್ದದ್ದು ಕೊನೆಯ ಪೀರಿಯಡ್ ಮುಗಿಯುವ ಆ ಎರಡು ನಿಮಿಷದಲ್ಲಿ. ಹಾಗಾಗಿ ಸರಿಮಾಡಬೇಕಾದದ್ದೂ ಅಲ್ಲೇ. ಮನೆಯಲ್ಲಿ ಅಮ್ಮ ಬ್ಯಾಗ್ ಜೋಡಿಸಿಕೊಟ್ಟರೆ ಹುಡುಗ ಏನೂ ಕಲಿಯುವುದಿಲ್ಲ. ಕೊಡಬೇಕಾದ ಹಾಳೆಗಳಿಗೇ ಅಂತ ಒಂದು ಕೆಂಪು ಫೈಲ್ ಇಡಿಸಿದೆ. ಬೆಲ್‌ಗೆ ಮೊದಲು ಅವನೇ ಜೋಡಿಸಬೇಕು, ಟೀಚರ್ ಒಮ್ಮೆ ನೋಡಬೇಕು. ಅಭ್ಯಾಸ ಆದ ಮೇಲೆ ವಾರಕ್ಕೊಮ್ಮೆ ನೋಡಿದರೂ ಸಾಕು.

"ಎಂಟನೇ ಕ್ಲಾಸಿನವನಿಗೆ ಬ್ಯಾಗ್ ಜೋಡಿಸೋದನ್ನೂ ನಾವೇ ಹೇಳಿಕೊಡಬೇಕಾ?" ಅಂತ ಕ್ಲಾಸ್ ಟೀಚರ್ ಕೇಳಿದರು. ಹೌದು, ಹೇಳಿಕೊಡಬೇಕು. ಯೋಜಿಸುವ, ನೆನಪಿಟ್ಟು ಮುಗಿಸುವ ಕೆಲಸ ನೋಡಿಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಬೆಳೆಯುವುದು ಸುಮಾರು 25ರ ಹೊತ್ತಿಗೆ. ಕೂಡೋದು ಕಳೆಯೋದು ಕಲಿಸುತ್ತೇವೆ, ಇದನ್ನು ಮಾತ್ರ ತಾನಾಗೇ ಬರಲಿ ಅಂತ ಬೈದು ಸುಮ್ಮನಾಗುತ್ತೇವೆ. ಇದು ನ್ಯಾಯ ಅಲ್ಲ ಅಲ್ವಾ?

ಒಂದು ಎಚ್ಚರಿಕೆ. ಮರೆವು, ಚಂಚಲತೆ 12 ವರ್ಷಕ್ಕೂ ಮೊದಲಿಂದ, ಮನೆಯಲ್ಲೂ ಶಾಲೆಯಲ್ಲೂ ಇದ್ದರೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರಬಹುದು. ಫೈಲ್ ಕೊಟ್ಟು ಕೂರಬೇಡಿ, ಮನೋವೈದ್ಯರಿಗೆ ತೋರಿಸಿ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.

ಈ ಹುಡುಗನ ಹಾಳೆಗಳು ಈಗ ಟೀಚರ್ ಕೈ ಸೇರುತ್ತಿವೆ. ಹಿಂದಿ ನೋಟ್ಸ್ ಇನ್ನೂ ಅರ್ಧಂಬರ್ಧ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅದಕ್ಕೆ ಈಗಲೇ ಕೈ ಹಾಕಬೇಡಿ, ಮೊದಲು ಫೈಲ್ ರೂಢಿಯಾಗಲಿ ಅಂತ ಅಪ್ಪನಿಗೆ ಹೇಳಿ ಕಳಿಸಿದ್ದೇನೆ.